ರಂಗೋಲಿ ಮೆಟ್ರೊ ಕಲಾ ಕೇಂದ್ರ

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣದ ಮಗ್ಗುಲಲ್ಲಿ, ಕಾಲುದಾರಿಯ ಅಡಿಯಲ್ಲಿರುವ ಕಲಾತಾಣ. ಬೆಂಗಳೂರು ಮೆಟ್ರೊ ರೈಲು ನಿಗಮ ಇದನ್ನು 2013ರಲ್ಲಿ ತೆರೆಯಿತು.

ಇಲ್ಲಿ ಹಿಂದೆ ಮರಗಳೂ ಕಾಗದದ ಹೂವಿನ ಬಳ್ಳಿಗಳೂ ನೆರಳು ಹಾಸಿದ್ದ ದಾರಿಯಿತ್ತು. ಮೆಟ್ರೊ ಕಾಮಗಾರಿಗಾಗಿ ಅದನ್ನು ತೆರವುಗೊಳಿಸಿದಾಗ ನಾಗರಿಕರು ಪ್ರತಿಭಟಿಸಿದರು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಲ್ಲಿಯವರೆಗೆ ಮೊದಲ ರೈಲು ಓಡಿತು. ಕಳೆದುಹೋದ ಮರಗಳಿಗೆ ಯಾವ ಕಟ್ಟಡವೂ ಸಮನಲ್ಲ. ಆದರೂ ಆ ಜಾಗವನ್ನು ಅಂಗಡಿಗಳಿಗೆ ಬಿಡದೆ ಕಲೆಗೆ ಮೀಸಲಿಟ್ಟದ್ದು ನಗರದ ಪಾಲಿಗೆ ದೊಡ್ಡ ಲಾಭ.

ರಸ್ತೆಗಿಂತ ಉತ್ತರದ ಮಾಣೆಕ್‌ಷಾ ಪರೇಡ್ ಮೈದಾನದ ಕಡೆ ನೆಲ ತಗ್ಗಾಗಿದೆ. ಈ ಏರುಪೇರಿನಿಂದಲೇ ದಾರಿಯ ಕೆಳಗೆ ಸ್ಥಳ ಸಿಕ್ಕಿತು. ಹಾಗಾಗಿ ಮೇಲೆ ನಡೆಯುವವರಿಗೆ ಕೇಂದ್ರ ಸುಲಭವಾಗಿ ಕಣ್ಣಿಗೆ ಬೀಳದು. ಮೆಟ್ಟಿಲಿಳಿದವರಿಗೆ ವಿಸ್ಮಯ, ಬೆಳಕು, ಛಾಯಾ ಎಂಬ ಪ್ರದರ್ಶನಾಲಯಗಳೂ ನಾಟಕ, ಸಂಗೀತಗಳಿಗೆ ಮೀಸಲಾದ ರಂಗಸ್ಥಳ ಸಭಾಂಗಣವೂ ಎದುರಾಗುತ್ತವೆ. ಆರಂಭದ ವರ್ಷಗಳಲ್ಲಿ ಕಲಾವಿದೆ ಸುರೇಖಾ ಇಲ್ಲಿನ ಪ್ರದರ್ಶನಗಳನ್ನು ರೂಪಿಸಿದರು. ಗ್ಯಾಲರಿಯ ಹೊಸ್ತಿಲು ತುಳಿಯಲು ಹಿಂಜರಿಯುವ ಜನರೂ ರೈಲು ಹಿಡಿಯುವ ದಾರಿಯಲ್ಲಿ ಚಿತ್ರ ನೋಡಬಹುದಾದದ್ದು ಈ ಕೇಂದ್ರದ ನಿಜವಾದ ಸಾಧನೆ.

ಲಂಡನ್ನಿನ ವಾಟರ್ಲೂ ನಿಲ್ದಾಣದ ಅಡಿಯ ಲೀಕ್ ಸ್ಟ್ರೀಟ್ ಸುರಂಗ, ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ ನೆಲದಡಿಯ ಆಮೋಸ್ ರೆಕ್ಸ್ ಸಂಗ್ರಹಾಲಯ ಇದೇ ಬಗೆಯ ಪ್ರಯತ್ನಗಳು. ಬೆಂಗಳೂರಿನಲ್ಲೇ, ಪಕ್ಕದ ಕಬ್ಬನ್ ಪಾರ್ಕ್ ನಿಲ್ದಾಣ ಪೂರ್ತಿ ನೆಲದೊಳಗಿದ್ದು, ಸೃಷ್ಟಿ ಕಲಾ ಸಂಸ್ಥೆಯ ವಿದ್ಯಾರ್ಥಿಗಳು ಮತ್ತು ಕಲಾವಿದರು ‘ಆರ್ಟ್ ಇನ್ ಟ್ರಾನ್ಸಿಟ್’ ಯೋಜನೆಯಡಿ ಅಲ್ಲಿಯೂ ಕೃತಿಗಳನ್ನು ರಚಿಸಿದ್ದಾರೆ.