ಯಾವ ರಸ್ತೆ ಮೊದಲು? ಚಿಂಚೋಳಿಯ ದಾರಿ ಮತ್ತು ಲೆಕ್ಕದ ಪುಸ್ತಕ

ರಸ್ತೆ ಹಾಳಾಗಿದೆ ಎಂಬುದನ್ನು ತಿಳಿಯಲು ಸಮೀಕ್ಷೆ ಬೇಕಿಲ್ಲ. ಟಂಟಂನಲ್ಲಿ ಹಿಂದಿನ ಸೀಟಿಗೆ ಕುಳಿತವರಿಗೆ ಅದು ಗೊತ್ತೇ ಇರುತ್ತದೆ. ಸಮೀಕ್ಷೆ ಬೇಕಾಗುವುದು ಬೇರೆ ಕಾರಣಕ್ಕೆ. ಹಾಳಾದ ರಸ್ತೆಗಳು ಹತ್ತು, ದುರಸ್ತಿಗೆ ಇರುವ ಹಣ ಎರಡಕ್ಕೆ ಸಾಲುವಷ್ಟು ಎಂದಾಗ ಯಾವ ಎರಡು ಎಂದು ಯಾರಾದರೂ ಹೇಳಬೇಕು. ಶಾಸಕರು ಹೇಳಿದರೆ ಅದಕ್ಕೆ ರಾಜಕೀಯ ಎನ್ನುತ್ತೇವೆ. ಇಂಜಿನಿಯರರು ಅಂಕಿಗಳ ಪಟ್ಟಿ ಮುಂದಿಟ್ಟು ಹೇಳಿದರೆ ಸುಮ್ಮನಾಗುತ್ತೇವೆ. ಆದರೆ ಆ ಅಂಕಿಗಳಿಗೂ ಒಂದು ಚರಿತ್ರೆಯಿದೆ. ಏನನ್ನು ಎಣಿಸಬೇಕು, ಏನನ್ನು ಬಿಡಬೇಕು ಎಂದು ಯಾರೋ ಯಾವಾಗಲೋ ತೀರ್ಮಾನಿಸಿದ್ದಾರೆ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿಯನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಈ ಐದರಲ್ಲಿ ನಾಲ್ಕು ಊರುಗಳಿಗೆ ರೈಲಿದೆ. ಚಿಂಚೋಳಿಗೆ ಇಲ್ಲ. ಅದಕ್ಕೆ ರಸ್ತೆಯೇ ಗತಿ.

ಈ ಭಾಗದ ದಾರಿಗಳನ್ನು ಹೊರಗಿನವರು ಅಳೆದು ಬರೆದದ್ದು ಇಂದು ನಿನ್ನೆಯಲ್ಲ. ಸೇಡಂ ತಾಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಹತ್ತನೆಯ ಶತಮಾನದ ಅರಬ್ ಇತಿಹಾಸಕಾರ ಅಲ್-ಮಸೂದಿ ಅದನ್ನು ಮಾನ್ಕೀರ್ ಎಂದು ಕರೆದು, ಸಮುದ್ರದಿಂದ ಅದು 80 ಸಿಂಧಿ ಫರ್ಸಖ್ ದೂರ, ಒಂದು ಫರ್ಸಖ್ ಎಂದರೆ ಎಂಟು ಮೈಲಿ ಎಂದು ದಾಖಲಿಸಿದ್ದಾನೆ. ಅವನಿಗಿಂತ ಹಿಂದಿನ ಇಬ್ನ್ ಖುರ್ದಾದ್ಬಿಹ್ ದಾರಿಗಳು ಮತ್ತು ರಾಜ್ಯಗಳ ಬಗ್ಗೆ ಇಡೀ ಗ್ರಂಥವನ್ನೇ ಬರೆದ. ಆತ ಅಬ್ಬಾಸೀ ಖಿಲಾಫತ್ತಿನ ಟಪಾಲು ಇಲಾಖೆಯ ಅಧಿಕಾರಿ. ಟಪಾಲು ಎಷ್ಟು ದಿನಕ್ಕೆ ಮುಟ್ಟುತ್ತದೆ, ಎಲ್ಲಿ ಕುದುರೆ ಬದಲಿಸಬೇಕು ಎಂಬುದು ಅವನಿಗೆ ಬೇಕಿತ್ತು. ದಾರಿಯ ಪಕ್ಕದ ಹಳ್ಳಿಯವನು ಪೇಟೆಗೆ ಹೇಗೆ ಹೋಗುತ್ತಾನೆ ಎಂಬುದು ಅವನ ಕೆಲಸವಾಗಿರಲಿಲ್ಲ. ಅಳೆಯುವವನ ಉದ್ಯೋಗ ಯಾವುದೋ ಅಳತೆಯೂ ಅದರದೇ.

ನಮ್ಮ ಐದು ಊರುಗಳ ಹಣೆಬರಹ ಬದಲಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1871ರಲ್ಲಿ ಮುಂಬಯಿಯಿಂದ ಬಂದ ರೈಲುಮಾರ್ಗ ಶಹಾಬಾದ್, ವಾಡಿ ದಾಟಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸರ್ಕಾರದ ರೈಲು ಹೊರಟಿತು. ಅದು ಚಿತ್ತಾಪುರ, ಸೇಡಂ ಮೂಲಕ ತಾಂಡೂರಿನತ್ತ ಹೋಯಿತು. ವಾಡಿ ಜಂಕ್ಷನ್ ಆಯಿತು. ಶಹಾಬಾದಿನ ಫರಸಿ ಕಲ್ಲು ರೈಲು ಹತ್ತಿ ದೂರದ ಊರುಗಳ ಮನೆಗಳ ನೆಲವಾಯಿತು. ಇಂದಿಗೂ ಅದು ತನ್ನ ಊರಿನ ಹೆಸರಿನಿಂದಲೇ ಮಾರಾಟವಾಗುತ್ತದೆ. ಕಲ್ಲಿನ ಹಿಂದೆ ಸಿಮೆಂಟು ಬಂತು. 1936ರಲ್ಲಿ ಹಲವು ಕಂಪನಿಗಳು ಸೇರಿ ಎ.ಸಿ.ಸಿ. ಆದಾಗ ಶಹಾಬಾದಿನ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತ್ತು. ಮುಂದೆ ವಾಡಿಯಲ್ಲಿ, ಸೇಡಮಿನಲ್ಲಿ, ಮಳಖೇಡದಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಸುಣ್ಣದ ಕಲ್ಲು ಇದ್ದಲ್ಲಿ ರೈಲೂ ಇತ್ತು, ಹಾಗಾಗಿ ಕಾರ್ಖಾನೆಗೆ ಅನುಕೂಲವಾಯಿತು.

ರೈಲು ಬಂದ ಮೇಲೆ ರಸ್ತೆಗೆ ಎರಡನೆಯ ಸ್ಥಾನ. ಸ್ಟೇಷನ್ನಿಗೆ ಮಾಲು ತಂದು ಸುರಿಯುವುದು ರಸ್ತೆಯ ಕೆಲಸ ಎಂಬ ಎಣಿಕೆ ಬ್ರಿಟಿಷ್ ಇಂಡಿಯಾದಲ್ಲೂ ಇತ್ತು, ಹೈದರಾಬಾದ್ ಸಂಸ್ಥಾನದಲ್ಲೂ ಇತ್ತು. 1932ರ ಜೂನ್‌ನಲ್ಲಿ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸುಗಳು 27ರ ಸಂಖ್ಯೆಯಲ್ಲಿ ರಸ್ತೆಗಿಳಿದವು. ಅವನ್ನು ನಡೆಸಿದ್ದು ಯಾರು? ನಿಜಾಮ್ ಸ್ಟೇಟ್ ರೈಲ್ವೆಯೇ. ರೈಲಿಗೆ ಬಸ್ಸು ಪೈಪೋಟಿ ಆಗಬಾರದು, ಪೂರಕವಾಗಬೇಕು ಎಂಬುದು ಅದರ ಹಿಂದಿನ ವಿಚಾರ. ದೇಶದಲ್ಲೇ ಸರ್ಕಾರಿ ಬಸ್ ಸಾರಿಗೆಯ ಮೊದಲ ಪ್ರಯೋಗಗಳಲ್ಲಿ ಒಂದು ಎಂದು ಅದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ಅದು ಸರಿಯೇ. ಆದರೆ ಬಸ್ಸಿನ ಯಜಮಾನ ರೈಲಾಗಿದ್ದಾಗ ರೈಲಿಲ್ಲದ ಊರಿನ ಮಾತನ್ನು ಯಾರು ಎತ್ತಬೇಕು?

ಅದಕ್ಕೂ ಮೊದಲು, 1927ರಲ್ಲಿ, ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ಭಾರತದ ರಸ್ತೆಗಳ ಬಗ್ಗೆ ಸಮಿತಿ ನೇಮಕವಾಗಿತ್ತು. 1928ರಲ್ಲಿ ವರದಿ ಬಂತು, 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ಅದನ್ನು ರಸ್ತೆಗೆ ಕೊಡುವುದು ಯೋಜನೆ. ಹಂಚಿಕೆಯ ತಳಹದಿ ಬಹುಮಟ್ಟಿಗೆ ಪೆಟ್ರೋಲಿನ ಬಳಕೆ. ಹೆಚ್ಚು ಸುಟ್ಟವರಿಗೆ ಹೆಚ್ಚು ಪಾಲು. ಕೇಳಲು ನ್ಯಾಯವಾಗಿಯೇ ಇದೆ, ಸುಂಕ ಕೊಟ್ಟವನಿಗೆ ರಸ್ತೆ. ಆದರೆ ಎತ್ತಿನ ಬಂಡಿ ಪೆಟ್ರೋಲ್ ಕುಡಿಯುವುದಿಲ್ಲ. ಎರೆ ಭೂಮಿಯ ಜೋಳ, ತೊಗರಿಯನ್ನು ಪೇಟೆಗೆ ಹೊತ್ತದ್ದು ಆ ಕಾಲದಲ್ಲಿ ಬಂಡಿಯೇ. ಅಂದಿನ ಇಂಜಿನಿಯರರ ಬರಹಗಳಲ್ಲಿ ಬಂಡಿ ಬರುವುದು ಹೆಚ್ಚಾಗಿ ಅಪರಾಧಿಯಾಗಿ. ಅದರ ಕಬ್ಬಿಣದ ಪಟ್ಟಿಯ ಚಕ್ರ ಖಡಿ ರಸ್ತೆಯನ್ನು ಕೊರೆಯುತ್ತದೆ ಎಂದು. ರಸ್ತೆ ಕೆಡಿಸುವಾಗ ಲೆಕ್ಕಕ್ಕೆ ಬಂದ ಬಂಡಿ, ಹಣ ಹಂಚುವಾಗ ಲೆಕ್ಕಕ್ಕೆ ಬರಲಿಲ್ಲ.

1943ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮುಖ್ಯ ಇಂಜಿನಿಯರರು ಸೇರಿ ಮಾಡಿದ ಯೋಜನೆ ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲಕಾರಿ. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ಇಂದು ನಾವು ಬಳಸುವ ವಿಂಗಡಣೆ ಅಲ್ಲಿಂದ ಬಂದದ್ದು. ಬೇಸಾಯ ಚೆನ್ನಾಗಿರುವ ಪ್ರದೇಶದಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರ ಇರಬಾರದು ಎಂದು ಅವರು ಗುರಿ ಇಟ್ಟುಕೊಂಡರು. ಎಷ್ಟು ಮೈಲಿ ಮುಖ್ಯ ರಸ್ತೆ ಬೇಕು ಎನ್ನುವುದಕ್ಕೆ ಒಂದು ಸೂತ್ರ ಬರೆದರು. ಬೇಸಾಯದ ಭೂಮಿಗೆ ಇಷ್ಟು, ಬೇಸಾಯವಿಲ್ಲದ ಭೂಮಿಗೆ ಅದಕ್ಕಿಂತ ಕಡಿಮೆ, ಚಿಕ್ಕ ಊರೊಂದಕ್ಕೆ ಇಷ್ಟು, ದೊಡ್ಡ ಊರೊಂದಕ್ಕೆ ಇಷ್ಟು, ಮುಂದಿನ ಬೆಳವಣಿಗೆಗೆ ಶೇಕಡಾ 15 ಸೇರಿಸಿ. ಕೊನೆಗೆ, ಅಲ್ಲಿ ಈಗಾಗಲೇ ಇರುವ ರೈಲುಮಾರ್ಗದ ಉದ್ದವನ್ನು ಕಳೆಯಿರಿ.

ಈ ಕಳೆಯುವ ಲೆಕ್ಕ ಗಮನಿಸಬೇಕಾದದ್ದು. ರೈಲು ಇದ್ದಲ್ಲಿ ರಸ್ತೆಯ ಹಸಿವು ಅಷ್ಟು ಕಡಿಮೆ ಎಂದು ಅದರ ಅರ್ಥ. ಈ ಸೂತ್ರವನ್ನು ತಾಲೂಕು ತಾಲೂಕಿಗೆ ಹಾಕಿದ್ದರೆ ವಾಡಿ, ಚಿತ್ತಾಪುರದ ಕಡೆ ಬಹಳಷ್ಟು ಮೈಲಿಗಳು ಕಳೆದುಹೋಗುತ್ತಿದ್ದವು, ಚಿಂಚೋಳಿಯದು ಪೂರ್ತಿ ಉಳಿಯುತ್ತಿತ್ತು. ಆದರೆ ಸೂತ್ರ ಹಾಕಿದ್ದು ಪ್ರಾಂತ, ಸಂಸ್ಥಾನಗಳ ಒಟ್ಟು ಲೆಕ್ಕಕ್ಕೆ. ಅಲ್ಲಿ ವಾಡಿಯ ರೈಲು ಚಿಂಚೋಳಿಯ ಪಾಲಿನಿಂದಲೂ ಕಳೆದಂತೆಯೇ ಆಯಿತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು, 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು. 1961ರಿಂದ 1981ರ ಮುಂಬಯಿ ಯೋಜನೆ ರಸ್ತೆಯ ಗುರಿಗಳನ್ನು ಇನ್ನೂ ಮೇಲಕ್ಕೆ ಒಯ್ದಿತು. ಚಿಂಚೋಳಿಯ ವೀರೇಂದ್ರ ಪಾಟೀಲರು 1968ರಿಂದ 1971ರವರೆಗೆ, ಮತ್ತೆ 1989–90ರಲ್ಲಿ ಮುಖ್ಯಮಂತ್ರಿಯಾಗಿದ್ದರು. ಮುಖ್ಯಮಂತ್ರಿಯ ಊರಿಗೂ ರೈಲು ಬರಲಿಲ್ಲ.

ಇಷ್ಟು ಹೊತ್ತು ಮಾತಾಡಿದ್ದು ರಸ್ತೆ ಎಷ್ಟು ಬೇಕು ಎಂಬುದರ ಬಗ್ಗೆ. ಇರುವ ರಸ್ತೆ ಹೇಗಿದೆ ಎಂದು ಅಳೆಯುವ ವಿದ್ಯೆ ಆಮೇಲಿನದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬಲ್ಲಿ ಪ್ರಯೋಗಕ್ಕಾಗಿಯೇ ರಸ್ತೆ ಕಟ್ಟಿ, ಅದು ಒಡೆಯುವವರೆಗೆ ಅದರ ಮೇಲೆ ಲಾರಿಗಳನ್ನು ಓಡಿಸಿದರು. ಅದರಿಂದ ಬಂದ ತಿಳಿವಳಿಕೆ ಇಡೀ ಜಗತ್ತಿನ ರಸ್ತೆ ಇಂಜಿನಿಯರರಿಗೆ ಪಾಠವಾಯಿತು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಕಾರು, ಜೀಪು, ಮೋಟಾರು ಸೈಕಲ್ಲುಗಳ ಹಾನಿ ಲೆಕ್ಕಕ್ಕೇ ಬರುವುದಿಲ್ಲ. ರಸ್ತೆಯನ್ನು ತಿನ್ನುವುದು ಲಾರಿ, ಅದರಲ್ಲೂ ಹೆಚ್ಚು ಹೇರಿದ ಲಾರಿ.

ಫರಸಿ, ಸಿಮೆಂಟು, ಕಲ್ಲಿದ್ದಲು, ಹಾರುಬೂದಿ ಓಡಾಡುವ ಶಹಾಬಾದ್, ವಾಡಿ, ಸೇಡಂ ಭಾಗಕ್ಕೆ ಈ ಪಾಠ ಎಷ್ಟು ಹತ್ತಿರದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ರಸ್ತೆಯ ವಿನ್ಯಾಸಕ್ಕೆ ಸುಮಾರು 8.16 ಟನ್ನಿನ ಒಂದು ಅಚ್ಚನ್ನು ಮಾನದಂಡವಾಗಿ ಹಿಡಿಯುತ್ತಾರೆ. 10.2 ಟನ್ನಿನ ಅಚ್ಚು ಅದಕ್ಕಿಂತ ಸುಮಾರು ಎರಡೂವರೆ ಪಟ್ಟು ಹಾನಿ ಮಾಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಗಾಲಿಯ ಒಂಟಿ ಅಚ್ಚಿನ ಮಿತಿಯನ್ನು 10.2ರಿಂದ 11.5 ಟನ್ನಿಗೆ ಏರಿಸಿತು. ಸಾಗಣೆ ಅಗ್ಗವಾಗಲಿ ಎಂದು. ಮಿತಿಯವರೆಗೆ ಹೇರಿದ ಅಚ್ಚಿನ ಹಾನಿ ಹಿಂದಿನ ಮಿತಿಯದಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಮೇಲೆ. ಆ ವ್ಯತ್ಯಾಸದ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬುದನ್ನು ವಾಡಿಯ ಅಂಗಡಿಕಾರರು ದಿನವೂ ಧೂಳು ಒರೆಸುತ್ತ ನೋಡುತ್ತಿರುತ್ತಾರೆ.

ವಾಹನಗಳ ಗಣತಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಾಕಿಕೊಟ್ಟ ನಿಯಮ ಹೀಗಿದೆ. ವರ್ಷಕ್ಕೆ ಎರಡು ಬಾರಿ, ಒಮ್ಮೆ ಸುಗ್ಗಿಯಲ್ಲಿ, ಒಮ್ಮೆ ಬಿಡುವಿನ ಕಾಲದಲ್ಲಿ, ಏಳು ದಿನ ಬಿಡದೆ ಹಗಲು ರಾತ್ರಿ ಎಣಿಸಬೇಕು. ತೊಗರಿ ಬರುವ ಹೊತ್ತಿನ ಸೇಡಂ ರಸ್ತೆಯನ್ನೂ ಬೇಸಿಗೆಯ ಸೇಡಂ ರಸ್ತೆಯನ್ನೂ ಕಂಡವರಿಗೆ ಈ ನಿಯಮ ಎಷ್ಟು ವಿವೇಕದ್ದು ಎಂದು ಗೊತ್ತಾಗುತ್ತದೆ. ಆದರೆ ಎಣಿಸಿದರೆ ಸಾಲದು, ತೂಗಬೇಕು. ಎಣಿಕೆಯಲ್ಲಿ ಖಾಲಿ ಲಾರಿಯೂ ಒಂದು, ಹೇರಿದ ಲಾರಿಯೂ ಒಂದು.

ಮೇಲ್ಮೈಯ ಉಬ್ಬುತಗ್ಗು ಅಳೆಯಲು ವಾಹನದ ಹಿಂದೆ ಕಟ್ಟಿ ಎಳೆಯುವ ಐದನೆಯ ಗಾಲಿಯ ಯಂತ್ರ ಬಹುಕಾಲದಿಂದ ಬಳಕೆಯಲ್ಲಿದೆ. ಒಂದು ಕಿಲೋಮೀಟರಿಗೆ ಗಾಲಿ ಎಷ್ಟು ಮಿಲಿಮೀಟರ್ ಕುಪ್ಪಳಿಸಿತು ಎಂದು ಅದು ಹೇಳುತ್ತದೆ. ಬೇರೆ ಬೇರೆ ದೇಶಗಳ ಇಂಥ ಯಂತ್ರಗಳನ್ನು 1982ರಲ್ಲಿ ಬ್ರೆಜಿಲ್‌ನಲ್ಲಿ ಒಂದೇ ರಸ್ತೆಯ ಮೇಲೆ ಓಡಿಸಿ ನೋಡಿ, ಅಂತಾರಾಷ್ಟ್ರೀಯ ಒರಟುತನದ ಸೂಚ್ಯಂಕ ಎಂಬ ಸಾಮಾನ್ಯ ಅಳತೆ ರೂಪಿಸಿದರು. ರಸ್ತೆ ಒರಟಾದಷ್ಟೂ ಡೀಸೆಲ್, ಟಯರ್, ಬಿಡಿಭಾಗ, ಸಮಯ ಎಷ್ಟು ಹೆಚ್ಚು ಖರ್ಚಾಗುತ್ತದೆ ಎಂದು ಕೀನ್ಯಾ, ಬ್ರೆಜಿಲ್, ಭಾರತದಲ್ಲಿ ಅಧ್ಯಯನಗಳಾದವು. ಭಾರತದ್ದನ್ನು 1977ರಿಂದ 1982ರವರೆಗೆ ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ನಡೆಸಿತು. ಇವನ್ನೆಲ್ಲ ಕೂಡಿಸಿ ವಿಶ್ವಬ್ಯಾಂಕ್ ಒಂದು ಗಣಕ ಮಾದರಿಯನ್ನು ಬೆಳೆಸಿತು. 2001ರಲ್ಲಿ ಕರ್ನಾಟಕದ ರಾಜ್ಯ ಹೆದ್ದಾರಿ ಸುಧಾರಣೆಗೆ ಅದೇ ಬ್ಯಾಂಕು 36 ಕೋಟಿ ಡಾಲರ್ ಸಾಲ ಮಂಜೂರು ಮಾಡಿದಾಗ ಈ ಬಗೆಯ ಲೆಕ್ಕವೂ ಜೊತೆಗೆ ಬಂತು.

ಈ ಲೆಕ್ಕವನ್ನು ಹಳಿಯುವುದು ಸುಲಭ, ಆದರೆ ಅದು ಅನ್ಯಾಯವಾಗುತ್ತದೆ. ಅದಕ್ಕಿಂತ ಮುಂಚೆ ಇದ್ದದ್ದು ಯಾರ ಕೈ ಮೇಲೋ ಅವರ ರಸ್ತೆ ಎಂಬ ಪದ್ಧತಿ. ಜೊತೆಗೆ ಅದು ಒಂದು ದೊಡ್ಡ ಸತ್ಯವನ್ನು ಕಲಿಸಿತು. ಪೂರ್ತಿ ಕೆಟ್ಟ ಮೇಲೆ ಕಟ್ಟುವುದಕ್ಕಿಂತ ಕೆಡುವ ಮುನ್ನ ಡಾಂಬರಿನ ತೆಳು ಪದರ ಹಾಕುವುದು ಎಷ್ಟೋ ಅಗ್ಗ. ಆದರೂ ಅದರೊಳಗೆ ಒಂದು ಸುಳಿಯಿದೆ. ಲಾಭವನ್ನು ಎಣಿಸುವುದು ಓಡುವ ವಾಹನಗಳಿಗೆ ಉಳಿಯುವ ಹಣದಿಂದ. ಸಾವಿರಾರು ವಾಹನ ಓಡುವ ರಸ್ತೆಯಲ್ಲಿ ಒಂದೊಂದಕ್ಕೆ ರೂಪಾಯಿ ಉಳಿದರೂ ದೊಡ್ಡ ಮೊತ್ತ. ಕೆಲವೇ ಬಸ್ಸು, ಜೀಪು ಓಡುವ ರಸ್ತೆ ಎಷ್ಟೇ ಹಾಳಾಗಿದ್ದರೂ ಮೊತ್ತ ಚಿಕ್ಕದು. ರಸ್ತೆ ಕೆಟ್ಟಿದೆ ಎಂದು ವಾಹನ ಬರುವುದಿಲ್ಲ, ವಾಹನ ಬರುವುದಿಲ್ಲವೆಂದು ರಸ್ತೆ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತದೆ. ಹೆರಿಗೆ ನೋವಿನಲ್ಲಿ ಹೊರಡದೆ ಮನೆಯಲ್ಲೇ ಉಳಿದವಳು ಯಾವ ಗಣತಿಯಲ್ಲೂ ಇಲ್ಲ. 1929ರ ಪೆಟ್ರೋಲಿನ ಎರಡಾಣೆ ಗಣಕಯಂತ್ರದ ವೇಷದಲ್ಲಿ ಮರಳಿ ಬಂದಂತೆ ಕಾಣುತ್ತದೆ.

ಇದಕ್ಕೆ ಎದುರಾದ ಎರಡು ಲೆಕ್ಕಗಳು ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂದವು. 2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ವಾಹನವನ್ನು ಬಿಟ್ಟು ಜನರನ್ನು ಎಣಿಸಿತು. ಮೊದಲು ಸಾವಿರ ಜನರಿರುವ ವಸತಿಗಳಿಗೆ, ಆಮೇಲೆ ಐನೂರು ಜನರ ವಸತಿಗಳಿಗೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟು ರಾಜ್ಯದ ತಾಲೂಕುಗಳನ್ನು ತೂಗಿತು. ನೂರು ಚದರ ಕಿಲೋಮೀಟರಿಗೆ ರಸ್ತೆ ಎಷ್ಟು, ಸರ್ವಋತು ರಸ್ತೆಯಿರುವ ಹಳ್ಳಿಗಳೆಷ್ಟು, ರೈಲುಮಾರ್ಗ ಎಷ್ಟು ಎಂಬುವೂ ಅವುಗಳಲ್ಲಿದ್ದವು. 39 ತಾಲೂಕುಗಳು ಅತ್ಯಂತ ಹಿಂದುಳಿದವು ಎಂದಾಯಿತು, 21 ಕಲಬುರಗಿ ವಿಭಾಗದವು. ಚಿತ್ತಾಪುರ, ಸೇಡಂ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಇಲ್ಲಿ ಗಮನಿಸಬೇಕು: ರೈಲು, ಗಣಿ, ಸಿಮೆಂಟು ಎಲ್ಲ ಇದ್ದ ಚಿತ್ತಾಪುರ, ಸೇಡಂಗಳೂ ಚಿಂಚೋಳಿಯ ಸಾಲಿನಲ್ಲೇ ನಿಂತವು. ವಾಹನ ಎಣಿಸಿದರೆ ಮೇಲಿದ್ದ ಊರು, ಬದುಕು ಎಣಿಸಿದಾಗ ಕೆಳಗೆ ಬಂತು. ಸಮಿತಿ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಸೂಚಿಸಿತು. ಆಮೇಲೆ 2013ರಲ್ಲಿ 371(ಜೆ) ವಿಧಿ ಜಾರಿಗೆ ಬಂದು ಈ ಭಾಗಕ್ಕೆ ಬೇರೆಯೇ ಮಂಡಳಿ, ಬೇರೆಯೇ ಹಣ ಬಂತು.

ಗ್ರಾಮ ಸಡಕ್ ಯೋಜನೆಯ ಕೈಪಿಡಿಯಲ್ಲಿ ರಸ್ತೆಗೆ ಅಂಕ ಹಾಕುವ ಒಂದು ಸರಳ ವಿಧಾನವಿದೆ. ಸಹಜವಾಗಿ ಗಂಟೆಗೆ 40 ಕಿಲೋಮೀಟರಿಗಿಂತ ವೇಗವಾಗಿ ಹೋಗಲು ಬಂದರೆ 5 ಅಂಕ, 30ರಿಂದ 40 ಆದರೆ 4, ಹೀಗೆ ಇಳಿದು 10ಕ್ಕಿಂತ ಕಡಿಮೆಯಾದರೆ 1. ಚಿಂಚೋಳಿ ಡಿಪೋದ ಯಾವ ಡ್ರೈವರ್ ಆದರೂ ಯಂತ್ರವಿಲ್ಲದೆ ತಾಲೂಕಿನ ಎಲ್ಲ ರಸ್ತೆಗಳಿಗೆ ಅಂಕ ಹಾಕಿಕೊಡಬಲ್ಲ. ಅವರನ್ನು ಕೇಳಿ ಪಟ್ಟಿ ಮಾಡುವ ಪದ್ಧತಿ ಏಕಿಲ್ಲವೋ!

ಹೆದ್ದಾರಿ ಊರೊಳಗೆ ನುಗ್ಗಿದಲ್ಲಿ ತೊಡಕು ಇನ್ನೂ ಹೆಚ್ಚು. ರಸ್ತೆ ಒಂದು ಇಲಾಖೆಯದು, ಪಕ್ಕದ ಚರಂಡಿ ಪುರಸಭೆಯದು. ಡಾಂಬರಿಗೆ ಲಾರಿಗಿಂತ ದೊಡ್ಡ ಶತ್ರು ನೀರು. ಚರಂಡಿ ಕಟ್ಟಿ ನೀರು ರಸ್ತೆಯ ಮೇಲೆ ನಿಂತು ಕೆಳಗಿನ ಎರೆಮಣ್ಣಿಗೆ ಇಳಿದರೆ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಪದರ ಅದರ ಜೊತೆಗೇ ಕುಣಿಯುತ್ತದೆ. ಹೊರವಲಯದ ಹತ್ತು ಕಿಲೋಮೀಟರಿಗೆ ಒಳ್ಳೆಯ ಅಂಕ ಬಂದಾಗ ಊರೊಳಗಿನ ಅರ್ಧ ಕಿಲೋಮೀಟರ್ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಜನ ನಡೆಯುವುದು, ಮಕ್ಕಳು ಶಾಲೆಗೆ ದಾಟುವುದು ಆ ಅರ್ಧ ಕಿಲೋಮೀಟರಿನಲ್ಲೇ. ಅಳೆಯುವ ಕಾಲವೂ ಮುಖ್ಯ. ಭಾರದ ಗಾಲಿಯ ಕೆಳಗೆ ರಸ್ತೆ ಎಷ್ಟು ತಗ್ಗುತ್ತದೆ ಎಂದು ನೋಡುವ ಪರೀಕ್ಷೆಯನ್ನು ಮಳೆಗಾಲ ಮುಗಿದ ಕೂಡಲೇ, ನೆಲ ಅತಿ ದುರ್ಬಲವಾಗಿರುವಾಗ ಮಾಡಬೇಕೆಂದು ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಹೇಳುತ್ತದೆ. ಒಣಗಿದ ಎರೆನೆಲ ಮೇ ತಿಂಗಳಲ್ಲಿ ಕಲ್ಲಿನಂತೆ ಗಟ್ಟಿ. ಆಗ ಅಳೆದರೆ ಎಲ್ಲ ರಸ್ತೆಯೂ ಪಾಸು.

ವಾಗ್ದರಿಯಿಂದ ಕಲಬುರಗಿ, ಮಳಖೇಡ, ಸೇಡಂ ಮೂಲಕ ರಿಬ್ಬನಪಲ್ಲಿಗೆ ಹೋಗುವ ರಾಜ್ಯ ಹೆದ್ದಾರಿ 10ರಲ್ಲಿ ಮಳಖೇಡದ ಬಳಿ ಕಾಗಿಣಾ ನದಿಯ ಸೇತುವೆಯಿದೆ. 2020ರ ಅಕ್ಟೋಬರ್‌ನ ಪ್ರವಾಹದಲ್ಲಿ ಅದು ಮುಳುಗಿ ಕಲಬುರಗಿ–ಸೇಡಂ ಸಂಚಾರ ನಿಂತುಹೋಯಿತು. ಜೋರು ಮಳೆಯ ವರ್ಷಗಳಲ್ಲಿ ಅಲ್ಲಿ ಇದು ಹೊಸದಲ್ಲ. ಒರಟುತನದ ಸೂಚ್ಯಂಕದಲ್ಲಿ ಸೇತುವೆಯ ಆಚೆಗೂ ಈಚೆಗೂ ಒಂದೊಂದು ಅಂಕಿ ಇರುತ್ತದೆ. ನದಿ ಏರಿದಾಗ ಅದೇ ರಸ್ತೆ ಎಷ್ಟು ದಿನ ಮುಚ್ಚಿತ್ತು ಎಂಬುದಕ್ಕೆ ಆ ಹಾಳೆಯಲ್ಲಿ ಕಲಮು ಇಲ್ಲ.