ಎರಡು ರೂಪಾಯಿ ನೋಟಿನ ಉಪಗ್ರಹ

ನಮ್ಮ ಮಲಾಡಿನ ಆಕಾಶದಲ್ಲಿ ರಾತ್ರಿ ಹತ್ತು ನಕ್ಷತ್ರ ಎಣಿಸಿದರೆ ಹೆಚ್ಚು. ಹೊಗೆ, ದೀಪ ಇಲ್ಲದ ಊರಿಗೆ ಹೋದರೂ ಕಾಣದ ಇನ್ನೊಂದು ಆಕಾಶವಿದೆ. ಕಪ್ಪುಕುಳಿಯತ್ತ ಸುತ್ತುತ್ತಾ ಬೀಳುವ ಅನಿಲ ಲಕ್ಷಗಟ್ಟಲೆ ಡಿಗ್ರಿ ಕಾದು ಕ್ಷ-ಕಿರಣ ಸೂಸುತ್ತದೆ. ನಮ್ಮ ವಾಯುಮಂಡಲ ಅದನ್ನು ನೆಲಕ್ಕೆ ಬಿಡುವುದಿಲ್ಲ, ನೋಡಬೇಕೆಂದರೆ ಮೇಲೇರಲೇಬೇಕು. 1962ರಲ್ಲಿ ಅಮೆರಿಕದ ರಿಕಾರ್ಡೊ ಜಕೋನಿ ತಂಡ ರಾಕೆಟ್ ಹಾರಿಸಿ ವೃಶ್ಚಿಕ ರಾಶಿಯ ದಿಕ್ಕಿನಲ್ಲಿ ಇಂಥದೊಂದು ಆಕರ ಕಂಡಿತು. ಆದರೆ ರಾಕೆಟ್ಟಿಗೆ ಸಿಗುವುದು ಕೆಲವೇ ನಿಮಿಷ.

ಹದಿಮೂರು ವರ್ಷದ ನಂತರ ಆ ಕೆಲಸಕ್ಕೆ ಕೈಹಾಕಿದವರಲ್ಲಿ ಪ್ರಮುಖರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಕರಾವಳಿಯಿಂದ ಹೊರಟವರೆಂದರೆ ಮುಂಬಯಿಯಲ್ಲಿ ನಮಗೆ ಮೊದಲು ನೆನಪಾಗುವುದು ಹೋಟೆಲಿನವರು; ಆ ಸಾಲಿನಲ್ಲಿ ಇವರನ್ನೂ ನೆನೆಯಬೇಕು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅವರ ತಂಡ ಕಟ್ಟಿದ 360 ಕಿಲೋ ತೂಕದ ಆರ್ಯಭಟ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವೆಲ್ಲ ನೋಡಿದ್ದು ಅದನ್ನೇ. ಅದರೊಳಗೆ ಕ್ಷ-ಕಿರಣ ಉಪಕರಣವೂ ಇತ್ತೆಂಬುದು ಎಷ್ಟು ಜನಕ್ಕೆ ಗೊತ್ತು? ನಾಲ್ಕೈದು ದಿನದಲ್ಲೇ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಅಷ್ಟರೊಳಗೆ ಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1ರ ಕಿರಣಗಳು ದಾಖಲಾಗಿದ್ದವು.

ಮುಂದಿನ ಕೊಂಡಿ ನಮ್ಮ ಮುಂಬಯಿಯದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇಸ್ರೋ ಜೊತೆ ಸೇರಿ ಮಾಡಿದ ಉಪಕರಣ 1996ರಲ್ಲಿ ಐಆರ್‌ಎಸ್-ಪಿ3 ಉಪಗ್ರಹದಲ್ಲಿ ಹೋಯಿತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಏರಿ, ಸುಮಾರು 650 ಕಿಲೋಮೀಟರ್ ಎತ್ತರದ ಕಕ್ಷೆ ಸೇರಿತು. ಅದರ ಮೃದು ಕ್ಷ-ಕಿರಣ ದೂರದರ್ಶಕ ಕೊಲಾಬಾದ ಸಂಸ್ಥೆಯದು. ಕ್ಷ-ಕಿರಣ ನೇರ ಬಿದ್ದರೆ ಕನ್ನಡಿಯೊಳಗೆ ನುಗ್ಗುತ್ತದೆ. ಕೆರೆಯ ನೀರಿಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಹಾರುವಂತೆ, ಸವರಿಕೊಂಡು ಹೋದರೆ ಮಾತ್ರ ಪುಟಿಯುತ್ತದೆ. ಅದಕ್ಕೇ ಚಿನ್ನದ ಲೇಪದ ತೆಳು ಹಾಳೆಗಳನ್ನು ಒಂದರೊಳಗೊಂದು ಜೋಡಿಸಿದ್ದಾರೆ.

ಆರ್ಯಭಟದಿಂದ ಆಸ್ಟ್ರೋಸ್ಯಾಟ್‌ವರೆಗೆ ನಲವತ್ತು ವರ್ಷ. 2017ರಲ್ಲಿ ತೀರಿಕೊಂಡ ರಾವ್ ಅವರ ಜೀವಿತಕಾಲದಲ್ಲೇ ಅದು ಮೇಲೇರಿತು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು. ಆರ್ಯಭಟದ ಪ್ರಯೋಗಗಳು ಬೇಗ ನಿಂತವೆಂದು ಒಂದೇ ಸಾಲಿನಲ್ಲಿ ಮುಗಿಸುವವರಿಗೆ ನಾನು ಹೇಳುವುದಿಷ್ಟೇ: ಆ ನಾಲ್ಕೈದು ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.