ಕ್ವಿನೈನಿನ ಕಹಿ, ಕೊಯ್ಲುಗಾಲದ ಮೈನೋವು

ಮೂಡಿಗೆರೆ, ಕಳಸದ ಕಡೆಯ ತೋಟಗಳಲ್ಲಿ ಬಿಪಿ, ಶುಗರ್ ಮಾತ್ರೆಗಳ ಜೊತೆಗೆ ಈಗ ಕೊಲೆಸ್ಟ್ರಾಲ್ ಮಾತ್ರೆಯೂ ಸೇರಿದೆ. ಸ್ಟ್ಯಾಟಿನ್ ಗುಂಪಿನ ಈ ಮಾತ್ರೆಯ ಮೇಲೆ ಎಲ್ಲೆಡೆ ಇರುವ ದೂರು ಒಂದೇ: ತೊಡೆ, ಭುಜ ಹಿಡಿದುಕೊಳ್ಳುತ್ತವೆ. ಏರು ಹತ್ತಿ ಇಳಿದೇ ದುಡಿಯಬೇಕಾದ ಊರಿನಲ್ಲಿ ಇದು ಸಣ್ಣ ದೂರಲ್ಲ. ಅದನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ತಿಳಿಯಲು ಇದೇ ಬೆಟ್ಟಗಳ ಚಳಿಜ್ವರದ ಚರಿತ್ರೆಯನ್ನು ನೋಡಬೇಕು. ದುಡಿಯುವ ಮೈಯಲ್ಲಿ ಔಷಧ ನೆಲೆಗೊಳ್ಳಬೇಕಾದರೆ ಆ ಮೈ ಹೇಳುವ ನೋವನ್ನು ಪೂರ್ತಿ ನಂಬಬೇಕು, ನೋವಿನ ಕಾರಣವನ್ನು ಮಾತ್ರ ಪರೀಕ್ಷಿಸಿಯೇ ಒಪ್ಪಬೇಕು ಎಂಬುದು ನನ್ನ ವಾದ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಕಾಫಿ ಹಬ್ಬಿದಾಗ ಕೆಲಸಕ್ಕೆ ಜನ ಬಂದದ್ದು ಹೆಚ್ಚಾಗಿ ಘಟ್ಟದ ಕೆಳಗಿನಿಂದ. ಮೇಸ್ತ್ರಿ ಕೊಟ್ಟ ಮುಂಗಡ ಹಣಕ್ಕೆ ಕಟ್ಟುಬಿದ್ದು ಹತ್ತಿ ಬಂದವರನ್ನು ಲೈನ್ ಮನೆಗಳಲ್ಲಿ ಕಾದಿದ್ದದ್ದು ಮಲೇರಿಯಾ. ಅದನ್ನು ಹರಡುತ್ತಿದ್ದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳ, ತೊರೆಗಳ ಅಂಚಿನಲ್ಲಿ ಮರಿ ಮಾಡುತ್ತದೆ. ಮಲೆನಾಡಿನ ತೋಟವೆಂದರೆ ಅಂಥ ನೀರು ಪಕ್ಕದಲ್ಲೇ. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಫೌಂಡೇಶನ್ನಿನ ಜೊತೆ ಸೇರಿ ಮಲೇರಿಯಾ ಅಧ್ಯಯನಕ್ಕೆ ಇಳಿದಾಗ ಆರಿಸಿಕೊಂಡ ಜಾಗಗಳಲ್ಲಿ ಮೂಡಿಗೆರೆಯೂ ಒಂದು. ಆ ಕಾಲದ ಸಮೀಕ್ಷೆಗಳ ಮುಖ್ಯ ಉಪಕರಣ ವೈದ್ಯರ ಕೈಬೆರಳು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡ ಪಕ್ಕೆಲುಬಿನ ಕೆಳಗೆ ಒತ್ತಿ ನೋಡುವರು. ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಕೈಗೆ ಸಿಕ್ಕ ಮಕ್ಕಳೆಷ್ಟು ಎಂಬುದೇ ಊರಿನ ರೋಗದ ಅಳತೆ.

ಮದ್ದು ಕ್ವಿನೈನ್. 1820ರಲ್ಲಿ ಫ್ರಾನ್ಸಿನಲ್ಲಿ ಸಿಂಕೋನಾ ತೊಗಟೆಯಿಂದ ಬೇರ್ಪಡಿಸಿದ ಈ ಮದ್ದು ಜೀವ ಉಳಿಸುತ್ತಿತ್ತು, ಆದರೆ ಸುಮ್ಮನೆ ಉಳಿಸುತ್ತಿರಲಿಲ್ಲ. ಕಿವಿ ಗುಂಯ್‌ಗುಡುವುದು, ತಲೆ ಸುತ್ತುವುದು, ವಾಕರಿಕೆ, ಕೆಲವೊಮ್ಮೆ ಕಿವಿ ಮಂದವಾಗುವುದು. ತಲೆನೋವು, ವಾಕರಿಕೆ, ಮೈಕೈ ನೋವು ಮಲೇರಿಯಾದಲ್ಲೂ ಇವೆ. ದಿನವಿಡೀ ಅಗೆದವನ ಮೈಯೂ ನೋಯುತ್ತದೆ. ರೋಗ, ಮದ್ದು, ದುಡಿಮೆ ಮೂರೂ ಒಂದೇ ಮೈಯಲ್ಲಿ ಒಂದೇ ದನಿಯಲ್ಲಿ ಮಾತಾಡುವಾಗ ಕಣ್ಣಿಗೆ ಕಾಣುವುದು ಆಗಷ್ಟೇ ನುಂಗಿದ ಮಾತ್ರೆ. ಜ್ವರ ಬಿಟ್ಟೊಡನೆ ಮದ್ದು ಬಿಡುವುದು ಕ್ವಿನೈನ್ ಹೋದಲ್ಲೆಲ್ಲ ಇದ್ದ ತೊಡಕು. ಬಿಟ್ಟವರನ್ನು ಅಜ್ಞಾನಿಗಳೆನ್ನುವುದು ಅನ್ಯಾಯ. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂರುತ್ತದೆ, ಕ್ವಿನೈನ್ ಅದನ್ನು ಅಲ್ಲಿಂದ ಕಿತ್ತು ಹಾಕಲಾರದು. ಪೂರ್ತಿ ಮದ್ದು ತಿಂದರೂ ಜ್ವರ ಮರುಕಳಿಸುತ್ತಿತ್ತು. ಅವರ ಅನುಮಾನಕ್ಕೆ ಅನುಭವದ ಆಧಾರವಿತ್ತು.

ಚಳಿಯಲ್ಲಿ ನಡುಗಿದವನಿಗೆ ಮದ್ದಿನ ಉಪಕಾರ ಗೊತ್ತು, ರಕ್ತಪರೀಕ್ಷೆಯ ಒಂದು ಅಂಕಿಗಾಗಿ ಮಾತ್ರೆ ನುಂಗುವವನಿಗೆ ಏನು ಗೊತ್ತು, ಈ ಹೋಲಿಕೆಯೇ ಸಲ್ಲದು ಎನ್ನಬಹುದು. ಆಕ್ಷೇಪ ಸರಿಯೇ, ಅದರಿಂದ ವಾದ ಇನ್ನಷ್ಟು ಬಿಗಿಯಾಗುತ್ತದೆ. ತಪ್ಪಿಹೋದ ಹೃದಯಾಘಾತ ಯಾರ ಅನುಭವಕ್ಕೂ ಬರುವುದಿಲ್ಲ, ತೊಡೆನೋವು ಬರುತ್ತದೆ. ಆದ್ದರಿಂದ ಇಲ್ಲಿ ತಪ್ಪು ತೀರ್ಮಾನ ಮತ್ತೂ ಸುಲಭ. 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯಲ್ಲಿ ಸ್ಟ್ಯಾಟಿನ್ ತಿಂದವರಲ್ಲಿ ಶೇ. 27.1 ಜನ ಸ್ನಾಯುನೋವು ಅಥವಾ ನಿಶ್ಶಕ್ತಿ ಹೇಳಿಕೊಂಡರು, ಮದ್ದಿಲ್ಲದ ಹುಸಿ ಮಾತ್ರೆ ತಿಂದವರಲ್ಲಿ ಶೇ. 26.6. ನೋವು ಎರಡೂ ಕಡೆ ನಿಜ, ಕಾರಣ ಹೆಚ್ಚಿನವರಲ್ಲಿ ಬೇರೆ.

ಹಾಗೆಂದು ಎಲ್ಲವೂ ಮನಸ್ಸಿನ ಆಟವೆನ್ನುವ ವೈದ್ಯರನ್ನು ಒಪ್ಪಲಾಗದು. ಸೆರಿವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಸ್ನಾಯುಗಳನ್ನೇ ಕರಗಿಸಿ ಸಾವುಗಳಿಗೆ ಕಾರಣವಾಗಿ 2001ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಇಂದಿನ ಮಾತ್ರೆಗಳಲ್ಲಿ ಅಂಥ ಹಾನಿ ಬಲು ಅಪರೂಪ, ಆದರೂ ಮೂತ್ರ ಕಾಫಿಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಓಡಬೇಕು. ಅಷ್ಟು ತೀವ್ರವಲ್ಲದ ನೋವಿಗೆ ದಾರಿಗಳಿವೆ: ಪ್ರಮಾಣ ಇಳಿಸುವುದು, ಬೇರೆ ಸ್ಟ್ಯಾಟಿನ್ ನೋಡುವುದು, ಥೈರಾಯ್ಡ್ ಪರೀಕ್ಷಿಸುವುದು, ವೈದ್ಯರಿಗೆ ತಿಳಿಸಿ ಕೆಲವು ವಾರ ಬಿಟ್ಟು ನೋಡುವುದು. ತಾನಾಗಿ ಬಿಟ್ಟು ಸುಮ್ಮನಾಗುವುದು ಮಾತ್ರ ದಾರಿಯಲ್ಲ.

ಹಾಗಾದರೆ ಮಾತ್ರೆ ತಿನ್ನುವವರು ದುಡಿಮೆ ನಿಲ್ಲಿಸಬೇಕೆ? ನೆದರ್ಲೆಂಡ್ಸಿನ ನೈಮೇಗನ್‌ನಲ್ಲಿ ದಿನಕ್ಕೆ 30ರಿಂದ 50 ಕಿಲೋಮೀಟರ್, ನಾಲ್ಕು ದಿನ ನಡೆಯುವವರನ್ನು ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸ್ಟ್ಯಾಟಿನ್ ತಿನ್ನುವವರಿಗೆ, ಅದರಿಂದ ನೋವಿದೆ ಎನ್ನುವವರಿಗೂ, ಸ್ನಾಯುಹಾನಿ ಉಳಿದವರಿಗಿಂತ ಹೆಚ್ಚಾಗಿರಲಿಲ್ಲ. ನಡಿಗೆ ಬೇರೆ, ಏಣಿ ಹತ್ತಿ ಮರಗಸಿ ಮಾಡುವುದು, ಅಂದರೆ ನೆರಳುಮರದ ಕೊಂಬೆ ಸವರುವುದು, ಬೇರೆ, ನಿಜ. ಅದಕ್ಕೇ ಇಲ್ಲಿ ಒಂದು ಎಚ್ಚರ ಬೇಕು. ಸ್ನಾಯುಹಾನಿ ಅಳೆಯುವ ಸಿ.ಕೆ. ಎಂಬ ರಕ್ತಪರೀಕ್ಷೆಯ ಅಂಕಿ ಬರೀ ಕಠಿಣ ದುಡಿಮೆಯಿಂದಲೇ ಏರುತ್ತದೆ. ಕೊಯ್ಲಿನ ಮೂಟೆ ಹೊತ್ತ ಮರುದಿನ ಕೊಟ್ಟ ರಕ್ತ ಮಾತ್ರೆಯ ಮೇಲೆ ಸುಳ್ಳು ಸಾಕ್ಷಿ ಹೇಳೀತು. ಎರಡು ಮೂರು ದಿನ ಭಾರದ ಕೆಲಸ ಬಿಟ್ಟು ರಕ್ತ ಕೊಡಬೇಕು, ಆ ವಾರ ಮಾಡಿದ ಕೆಲಸವೇನೆಂದು ವೈದ್ಯರಿಗೆ ಹೇಳಬೇಕು, ವೈದ್ಯರೂ ಕೇಳಬೇಕು. ಆ ದಿನಗಳ ಕೂಲಿ ಕಳೆದುಕೊಳ್ಳುವಂತಾಗಬಾರದು. ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವುದು ತೋಟದ ಹೊಣೆಯೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಹೇಳಿತು; ಕೊಯ್ಲುಗಾಲದಲ್ಲಿ ಪರೀಕ್ಷೆಗೆಂದು ಕೊಡುವ ಹಗುರ ಕೆಲಸವೂ ಆ ಹೊಣೆಯ ಭಾಗವೇ ಆಗಬೇಕು.